ಪಡೆ ಸೇರದ ವಿಮಾನಕ್ಕೂ ಒಂದು ಮಾದರಿ

ಕೋಲಾರ ಸೀಮೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನ ತೇಜಸ್, ರಟ್ಟಿನ ರಫೇಲ್, ಪಿವಿಸಿ ಪೈಪಿನ ಪಿಎಸ್‌ಎಲ್‌ವಿ ಕಾಣಸಿಗುವುದು ಹೊಸದೇನಲ್ಲ. ಅದೇ ಮೇಜಿನ ಮೇಲೆ ‘ಸರಸ್’ ಅಥವಾ ‘ಪಂಛಿ’ ಇಡುತ್ತೇನೆಂದು ಮಾಲೂರಿನ ಇಲ್ಲವೇ ಮುಳಬಾಗಿಲಿನ ವಿದ್ಯಾರ್ಥಿನಿಯೊಬ್ಬಳು ಹೊರಟರೆ ಎದುರಾಗುವ ಮಾತನ್ನು ಊಹಿಸುವುದು ಕಷ್ಟವಲ್ಲ: ‘ಅದು ಸೇನೆಗೇ ಸೇರಲಿಲ್ಲವಲ್ಲಮ್ಮ, ಅದನ್ಯಾಕೆ ಮಾಡ್ತೀಯ?’ ಈ ಪ್ರಶ್ನೆ ಶಾಲೆಗೆ ಸೀಮಿತವಲ್ಲ. ಅಳತೆಗೆ ಸರಿಯಾಗಿ ಸಣ್ಣ ವಿಮಾನಗಳನ್ನು ಕಟ್ಟುವ ಹವ್ಯಾಸವನ್ನು ದಶಕಗಳಿಂದ ನಡೆಸಿಕೊಂಡು ಬಂದವರಲ್ಲೂ ಇದೇ ಧೋರಣೆ ಇದೆ. ಯುದ್ಧ ಮಾಡಿದ, ಪ್ರಯಾಣಿಕರನ್ನು ಹೊತ್ತ, ಪಡೆಯ ಗುರುತು ಬಳಿದುಕೊಂಡ ವಿಮಾನ ಚರಿತ್ರೆಗೆ ಸೇರಿದ್ದು. ಉಳಿದದ್ದೆಲ್ಲ ಹಗಲುಗನಸು ಎಂಬುದು ಅದರ ಸಾರ.

ಈ ಅಭಿಪ್ರಾಯವನ್ನು ಒಂದೇಟಿಗೆ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಮೂರು ವಾದಗಳಿವೆ, ಮೂರಕ್ಕೂ ತೂಕವಿದೆ. ಮೊದಲನೆಯದು, ಮಾದರಿಗೆ ಬೆಲೆ ಬರುವುದು ಅದನ್ನು ನಿಜದ ಎದುರು ಇಟ್ಟು ತಾಳೆ ನೋಡಲು ಸಾಧ್ಯವಾದಾಗ. ಸೇವೆಗೇ ಬಾರದ ವಿಮಾನಕ್ಕೆ ಯಾವ ಬಣ್ಣ, ಯಾವ ಸಂಖ್ಯೆ, ಯಾವ ಶಸ್ತ್ರ? ಏನು ಬಳಿದರೂ ನಡೆಯುತ್ತದೆಂದಾದರೆ ಸರಿ ತಪ್ಪಿನ ಪ್ರಶ್ನೆಯೇ ಉಳಿಯುವುದಿಲ್ಲ. ಎರಡನೆಯದು, ಸೋತ ಯಂತ್ರದಿಂದ ಕಲಿಯುವುದು ಕಡಿಮೆ; ಅದೂ ಹೊರಮೈಯನ್ನಷ್ಟೇ ತೋರಿಸುವ ಪುಟ್ಟ ಪ್ರತಿಕೃತಿಯಿಂದ ಇನ್ನೂ ಕಡಿಮೆ. ಮೂರನೆಯದು ನೈತಿಕ ವಾದ: ಸಾರ್ವಜನಿಕ ಹಣ ಕರಗಿಸಿದ ಯೋಜನೆಗಳನ್ನು ಗಾಜಿನ ಕಪಾಟಿನಲ್ಲಿಟ್ಟು ಮುದ್ದಿಸುವುದು ಸೋಲಿಗೆ ಬಣ್ಣ ಹಚ್ಚಿದಂತೆ, ‘ಅಯ್ಯೋ, ಇದೊಂದು ಬಂದಿದ್ದರೆ ನಾವು ಎಲ್ಲಿರುತ್ತಿದ್ದೆವು’ ಎಂಬ ಸುಲಭದ ಹಳಹಳಿಕೆಗೆ ಅದು ಎಣ್ಣೆ ಹೊಯ್ಯುತ್ತದೆ.

ಮೂರೂ ವಾದಗಳ ಬುಡದಲ್ಲಿ ಒಂದೇ ನಂಬಿಕೆ ಕೂತಿದೆ. ‘ಸೇವೆಗೆ ಸೇರಲಿಲ್ಲ’ ಎಂಬುದು ವಿಮಾನದ ಗುಣ, ಅದು ನಿಜವೋ ಕಲ್ಪನೆಯೋ ಎಂಬುದನ್ನು ನಿರ್ಧರಿಸುವ ಗೆರೆ ಎಂಬ ನಂಬಿಕೆ ಅದು. ಗೊಂದಲ ಇರುವುದು ಇಲ್ಲಿಯೇ. ಸೇವೆಗೆ ಸೇರುವುದು, ಸೇರದಿರುವುದು ಒಂದು ಕಚೇರಿಯ ತೀರ್ಮಾನ. ವಿಮಾನ ಇತ್ತೇ, ಹಾರಿತೇ, ಅದರ ಅಳತೆಗಳು ಗೊತ್ತಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಮಾದರಿ ಕಟ್ಟುವವನಿಗೆ ಬೇಕಾದದ್ದು ಎರಡನೆಯದಕ್ಕೆ ಉತ್ತರ.

ಇದನ್ನು ಪರೀಕ್ಷಿಸಲು ಕೋಲಾರದವರು ದೂರ ಹೋಗಬೇಕಿಲ್ಲ. ಕೋಲಾರದ ಬಳಿ ಎರಡನೇ ಮಹಾಯುದ್ಧ ಕಾಲದ ಹಳೆಯ ರನ್‌ವೇ ಒಂದಿದೆ. ಬೆಂಗಳೂರಿನಲ್ಲಿರುವ ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಅಂದರೆ ಎಡಿಇ, ತನ್ನ ಮಾನವರಹಿತ ವಿಮಾನ ‘ನಿಶಾಂತ್’ ಅನ್ನು ಅಲ್ಲಿ ಹಾರಿಸಿ ನೋಡುತ್ತಿತ್ತು. 2009ರ ಏಪ್ರಿಲ್ 5ರ ಭಾನುವಾರ ಮುಂಜಾನೆ, ದೇಶದಲ್ಲೇ ತಯಾರಾದ ವಾಂಕೆಲ್ ಎಂಜಿನ್ ಹೊತ್ತ ನಿಶಾಂತ್ ಅಲ್ಲಿಂದಲೇ ಮೊದಲ ಬಾರಿಗೆ ಮೇಲೇರಿತು. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಹಿಂದೆಮುಂದೆ ಓಡಾಡಿದರೆ ವಾಂಕೆಲ್‌ನಲ್ಲಿ ಮೂರು ಮೂಲೆಯ ರೋಟರ್ ಸುತ್ತುತ್ತದೆ. ತೂಕ ಕಡಿಮೆ, ನಡುಕವೂ ಕಡಿಮೆ. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್, ಅಹ್ಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ಮತ್ತು ಎಡಿಇ ಸೇರಿ ಮಾಡಿದ ಎಂಜಿನ್ ಅದು. ವಿಮಾನ ಸುಮಾರು 1.8 ಕಿಲೋಮೀಟರ್ ಎತ್ತರಕ್ಕೆ ಹೋಗಿ 35 ನಿಮಿಷ ಹಾರಿತು. ನಿಶಾಂತ್‌ಗೆ ಚಕ್ರಗಳಿರಲಿಲ್ಲ. ಲಾರಿಯ ಮೇಲಿನ ಉಡಾವಣಾ ಹಳಿಯಿಂದ ಕವಣೆಯಂತೆ ಚಿಮ್ಮಿಸಿ ಹಾರಿಸುತ್ತಿದ್ದರು, ಪ್ಯಾರಾಚೂಟ್ ಬಿಚ್ಚಿಸಿ ಇಳಿಸುತ್ತಿದ್ದರು. 2011ರಲ್ಲಿ ಭೂಸೇನೆ ನಾಲ್ಕನ್ನು ಪಡೆಯಿತು. 2015ರ ನವೆಂಬರ್ ಹೊತ್ತಿಗೆ ನಾಲ್ಕೂ ಅಪಘಾತಕ್ಕೀಡಾಗಿ ಕಳೆದುಹೋದವು. ಸೇನೆ ಇನ್ನು ಬೇಡವೆಂದಿತು.

ಈ ನಡುವೆ ಎಡಿಇ ಅದೇ ನಿಶಾಂತ್‌ಗೆ ಚಕ್ರ ಜೋಡಿಸಿ, ರನ್‌ವೇಯಿಂದಲೇ ಏರಿ ಇಳಿಯುವ ರೂಪವೊಂದನ್ನು ಮಾಡಿತ್ತು. ಅದೇ ಪಂಛಿ. 2014ರ ಡಿಸೆಂಬರ್ 24ರಂದು ಅದು ಮೊದಲ ಸಲ ಹಾರಿತು, ಸೇನೆಗೆ ಮಾತ್ರ ಸೇರಲಿಲ್ಲ. ಈಗ ವಾಡಿಕೆಯ ನಂಬಿಕೆಯನ್ನು ಈ ಜೋಡಿಗೆ ಅನ್ವಯಿಸಿ ನೋಡಬಹುದು. ನಿಶಾಂತ್‌ನ ರೆಕ್ಕೆಯ ಹರವು 6.57 ಮೀಟರ್, ಉದ್ದ 4.63 ಮೀಟರ್. ಇಪ್ಪತ್ತನಾಲ್ಕನೇ ಒಂದು ಅಳತೆಯಲ್ಲಿ ಕಟ್ಟಿದರೆ ರೆಕ್ಕೆ ಇಪ್ಪತ್ತೇಳೂವರೆ ಸೆಂಟಿಮೀಟರಿಗೆ ತುಸು ಕಡಿಮೆ. ಊಟದ ತಟ್ಟೆಯ ಮೇಲೆ ಕೂರುವಷ್ಟು. ಬಾಲ್ಸಾ ಮರ, ಪ್ಲಾಸ್ಟಿಕ್ ಹಾಳೆ, ಪುಟ್ಟಿ, ಉಪ್ಪುಕಾಗದ ಇಷ್ಟಿದ್ದರೆ ಆಗುವ ಕೆಲಸ. ಕಟ್ಟಿ ಮುಗಿಸಿದ ನಿಶಾಂತ್ ಚರಿತ್ರೆಯ ಮಾದರಿ, ಏಕೆಂದರೆ ನಾಲ್ಕು ವರ್ಷ ನಾಲ್ಕು ವಿಮಾನ ಸೇನೆಯಲ್ಲಿದ್ದವು. ಅದರ ಹೊಟ್ಟೆಗೆ ಚಕ್ರ ಅಂಟಿಸಿದ ಕೂಡಲೇ ಅದು ಹಗಲುಗನಸಾಗಿಬಿಡಬೇಕು. ಒಂದೇ ಬಗೆಯ ಒಡಲು, ಅದೇ ಸಂಸ್ಥೆಯ ಕೆಲಸ. ಒಂದು ಚರಿತ್ರೆ, ಇನ್ನೊಂದು ಕನಸು. ಇಂಥ ತೀರ್ಮಾನಕ್ಕೆ ತಂದು ನಿಲ್ಲಿಸುವ ಗೆರೆ ತಪ್ಪು ಜಾಗದಲ್ಲಿದೆ ಎಂದೇ ಹೇಳಬೇಕಾಗುತ್ತದೆ.

ಕಾಲದ ದೃಷ್ಟಿಯಿಂದ ನೋಡಿದರೂ ಗೆರೆ ನಿಲ್ಲುವುದಿಲ್ಲ. ತೇಜಸ್‌ನ ಮೊದಲ ಮಾದರಿ ವಿಮಾನ ಟಿಡಿ-1 ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಹಾರಿತು. ವಾಯುಪಡೆಯ 45ನೇ ಸ್ಕ್ವಾಡ್ರನ್ನಿಗೆ ತೇಜಸ್ ಸೇರಿದ್ದು 2016ರ ಜುಲೈ 1ರಂದು. ನಡುವಿನ ಹದಿನೈದು ವರ್ಷ ಅದು ‘ಸೇವೆಗೆ ಸೇರದ ವಿಮಾನ’. 2005ರಲ್ಲಿ ಟಿಡಿ-1ರ ಮಾದರಿ ಕಟ್ಟಿದವನ ಕೆಲಸ 2016ರ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಗಂಭೀರವಾಯಿತೆ? ಕಪಾಟಿನಲ್ಲಿದ್ದ ಪ್ಲಾಸ್ಟಿಕ್ಕು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಇನ್ನೂ ಸೂಕ್ಷ್ಮವಾಗಿ ಹೇಳುವುದಾದರೆ ಟಿಡಿ-1 ಎಂಬ ಆ ಒಂದು ವಿಮಾನ ಯಾವ ಸ್ಕ್ವಾಡ್ರನ್ನಿನಲ್ಲೂ ಇರಲಿಲ್ಲ. ಅದು ಹುಟ್ಟಿದ್ದೇ ಪರೀಕ್ಷೆಗೆ. ಹಾಗಿದ್ದೂ ಅದರ ಮಾದರಿಯನ್ನು ಯಾರೂ ಕನಸು ಎನ್ನುವುದಿಲ್ಲ. ಎಚ್‌ಎಎಲ್‌ನ ಜೆಟ್ ತರಬೇತಿ ವಿಮಾನ ಎಚ್‌ಜೆಟಿ-36 ‘ಸಿತಾರಾ’ 2003ರ ಮಾರ್ಚ್ 7ರಂದು ಮೊದಲು ಹಾರಿ, ಎರಡು ದಶಕ ದಾಟಿ, 2025ರಲ್ಲಿ ‘ಯಶಸ್’ ಎಂಬ ಹೊಸ ಹೆಸರು ಹೊತ್ತು ನಿಂತಿದೆ. ಅದರ ಮಾದರಿ ಮಾಡುವವರು ಯಾವ ಕಚೇರಿಯ ಯಾವ ಆದೇಶಕ್ಕೆ ಕಾಯಬೇಕು?

ಹಾಗಾದರೆ ಗೆರೆ ಎಲ್ಲಿರಬೇಕು? ಪಡೆಗೆ ಸೇರದ ವಿಮಾನಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳ ಬಗ್ಗೆ ಸಿಗುವ ಸಾಕ್ಷ್ಯ ಬೇರೆ ಬೇರೆ. ಕರ್ನಾಟಕದಲ್ಲೇ ಹುಟ್ಟಿದ ವಿಮಾನಗಳನ್ನು ತೆಗೆದುಕೊಂಡರೆ ಕನಿಷ್ಠ ಮೂರು ಬಗೆ ಕಾಣುತ್ತವೆ.

1. ಕಾಗದದ ಮೇಲೇ ಉಳಿದವು. ಮರುತ್ ಯುದ್ಧವಿಮಾನದ ನಂತರದ ಪೀಳಿಗೆಯೆಂದು ಎಚ್‌ಎಎಲ್ ಎಣಿಸಿದ್ದ ಎಚ್‌ಎಫ್-73 ಇಂಥದು. ರೇಖಾಚಿತ್ರಗಳಿಂದಾಚೆ ಅದು ಬರಲಿಲ್ಲ.

2. ಪೂರ್ಣ ಗಾತ್ರದ ಅಣಕು ರೂಪದವರೆಗೆ ಬಂದವು. ಎಚ್‌ಟಿಟಿ-35 ತರಬೇತಿ ವಿಮಾನ ಈ ಹಂತಕ್ಕೆ ಬಂದು ನಿಂತಿತು. ಮುಟ್ಟಿ ನೋಡಬಹುದಾದ ವಸ್ತುವೇನೋ ಇತ್ತು, ಹಾರುವ ವಿಮಾನವಿರಲಿಲ್ಲ.

3. ನಿಜವಾಗಿ ಹಾರಿ, ಆಮೇಲೆ ಯಾರಿಗೂ ಬೇಡವಾದವು ಅಥವಾ ನಡುದಾರಿಯಲ್ಲಿ ನಿಂತವು. 1984ರ ಜೂನ್ 17ರಂದು ಹಾರಿದ ಎಚ್‌ಟಿಟಿ-34, ಎನ್‌ಎಎಲ್‌ನ ಹದಿನಾಲ್ಕು ಆಸನದ ಸರಸ್, ಎಡಿಇಯ ರುಸ್ತುಮ್-1, ಪಂಛಿ, ಮರುತ್‌ನ ಮಾರ್ಕ್ 1ಆರ್, ಇವೆಲ್ಲ ಈ ಗುಂಪಿನವು. ರುಸ್ತುಮ್-1ರ ಮೊದಲ ಹಾರಾಟಗಳು ಮಾಲೂರಿಗೆ ಹತ್ತಿರದ ಹೊಸೂರಿನ ತನೇಜಾ ಸಂಸ್ಥೆಯ ವಿಮಾನನೆಲೆಯಲ್ಲಿ ನಡೆದವು. 2009ರ ನವೆಂಬರಿನ ಮೊದಲ ಹಾರಾಟ ಇಳಿಯುವಾಗ ಅಪಘಾತದಲ್ಲಿ ಮುಗಿಯಿತು; 2010ರ ಅಕ್ಟೋಬರಿನಲ್ಲಿ ಹೊಸ ವಿಮಾನ ಯಶಸ್ವಿಯಾಗಿ ಹಾರಿತು.

ಮೊದಲ ಗುಂಪಿನ ಮಾದರಿಯಲ್ಲಿ ಊಹೆಯ ಪಾಲು ದೊಡ್ಡದು, ಎರಡನೆಯದರಲ್ಲಿ ಕಡಿಮೆ, ಮೂರನೆಯದರಲ್ಲಿ ಬಹುಪಾಲು ಇಲ್ಲವೇ ಇಲ್ಲ. ವಾಡಿಕೆಯ ನಂಬಿಕೆ ಮೂರನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟುತ್ತದೆ. ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಹೂ ಬಿಟ್ಟದ್ದೆಲ್ಲ ಕಾಯಿ ಕಚ್ಚುವುದಿಲ್ಲ, ಕಚ್ಚಿದ್ದೆಲ್ಲ ಹಣ್ಣಾಗುವುದಿಲ್ಲ. ಆದರೆ ಉದುರಿದ ಪಿಂದೆಯನ್ನು ಕೈಯಲ್ಲಿ ಹಿಡಿದು ಇದು ಮರದಲ್ಲಿ ಇರಲೇ ಇಲ್ಲ ಎಂದು ಯಾವ ರೈತನೂ ಹೇಳುವುದಿಲ್ಲ.

ಇಲ್ಲಿಗೆ ಮೊದಲ ವಾದ, ಅಂದರೆ ತಾಳೆ ನೋಡಲಾಗದು ಎಂಬುದು, ಅರ್ಧ ಬಿದ್ದಂತೆ. ಮೂರನೇ ಗುಂಪಿಗೆ ಅದು ತಿರುಗುಬಾಣವೇ ಆಗುತ್ತದೆ. ಪಡೆಗೆ ಸೇರಿದ ಮರುತ್‌ಗಳನ್ನು ಎಚ್‌ಎಎಲ್ ಒಟ್ಟು 147 ಕಟ್ಟಿತು. ಹತ್ತು ಹಲವು ವರ್ಷ ಬಳಕೆಯಲ್ಲಿದ್ದು, ರಿಪೇರಿಯಾಗಿ, ಮರುಬಣ್ಣ ಕಂಡ ವಿಮಾನಗಳವು. ಸಾಮಾನ್ಯ ಹವ್ಯಾಸಿ ಕಟ್ಟುವ ‘ಒಂದು ಮರುತ್’ ಬಹಳ ಸಲ ಅವುಗಳಲ್ಲಿ ಯಾವುದೂ ಅಲ್ಲದ, ಎಲ್ಲದರ ಸರಾಸರಿಯಾದ ವಿಮಾನ. ಸರಸ್‌ನ ವಿಷಯದಲ್ಲಿ ಇಂಥ ಸರಾಸರಿಗೆ ಜಾಗವೇ ಇಲ್ಲ. ಹಾರಿದ್ದು ಎರಡೇ ಒಡಲು: 2004ರ ಮೇ 29ರಂದು ಮೊದಲು ಮೇಲೇರಿದ ಪಿಟಿ-1 ಮತ್ತು 2007ರ ಏಪ್ರಿಲ್ 18ರಂದು ಹಾರಿದ ಪಿಟಿ-2. ಯಲಹಂಕದ ಏರೋ ಇಂಡಿಯಾದಲ್ಲಿ ಜನರ ಕಣ್ಣೆದುರೇ ಹಾರಿದ ವಿಮಾನ ಸರಸ್. ಮಾದರಿ ಕಟ್ಟುವವನು ಯಾವ ವಿಮಾನ, ಯಾವ ವರ್ಷದ ಸ್ಥಿತಿ ಎಂದು ಹೇಳಲೇಬೇಕು. ಹೇಳಿದ ಮೇಲೆ ತಪ್ಪಿದ್ದರೆ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು. ಸರಿ ತಪ್ಪಿನ ಪ್ರಶ್ನೆ ಇಲ್ಲಿ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ.

ಬೀಳದೆ ಉಳಿದ ಇನ್ನರ್ಧವನ್ನು ಒಪ್ಪಿಕೊಳ್ಳಬೇಕು. ಊಹೆ ಅಳತೆಯ ವೇಷ ತೊಟ್ಟು ಬಂದರೆ ಎಷ್ಟು ದಾರಿ ತಪ್ಪಿಸಬಹುದು ಎಂಬುದಕ್ಕೆ ಅಮೆರಿಕದ ಟೆಸ್ಟರ್ಸ್ ಕಂಪನಿ 1986ರಲ್ಲಿ ಮಾರುಕಟ್ಟೆಗೆ ತಂದ ‘ಎಫ್-19’ ಕಿಟ್ಟೇ ಸಾಕ್ಷಿ. ರೇಡಾರಿಗೆ ಕಾಣದ ರಹಸ್ಯ ವಿಮಾನವೊಂದು ಇದೆಯೆಂಬ ಗಾಳಿಮಾತು ಆಗ ಹಬ್ಬಿತ್ತು. ಕಂಪನಿ ಆ ಗಾಳಿಮಾತಿಗೆ ದುಂಡನೆಯ, ನಯವಾದ ಮೈ ಕೊಟ್ಟು ಡಬ್ಬದಲ್ಲಿ ತುಂಬಿ ಮಾರಿತು. ಕಿಟ್ ಭರ್ಜರಿಯಾಗಿ ಖರ್ಚಾಯಿತು, ಅಮೆರಿಕದ ಸಂಸತ್ತಿನಲ್ಲೂ ಅದರ ಮಾತು ಬಂತು. 1988ರ ನವೆಂಬರಿನಲ್ಲಿ ಸರ್ಕಾರ ನಿಜವಾದ ವಿಮಾನ ಎಫ್-117ರ ಚಿತ್ರ ಬಿಡುಗಡೆ ಮಾಡಿದಾಗ ಕಂಡದ್ದು ವಜ್ರ ಕೊರೆದಂತೆ ಪಟ್ಟಿಪಟ್ಟಿಯಾದ, ಚೂಪು ಅಂಚುಗಳ ಒಡಲು. ಎರಡಕ್ಕೂ ಸಂಬಂಧವೇ ಇರಲಿಲ್ಲ. ಎಫ್-19 ಎಂಬುದು ಎಂದೂ ಇರಲಿಲ್ಲ. ಆದರೆ ಇದರಿಂದ ಸರಸ್‌ನ ಮಾದರಿಯೂ ಸುಳ್ಳಾಗುವುದಿಲ್ಲ. ಎಫ್-19ರ ದೋಷ ಸಾಕ್ಷ್ಯವಿಲ್ಲದಿದ್ದದ್ದು, ಸೇವೆಗೆ ಸೇರದಿದ್ದದ್ದಲ್ಲ. ಸೇವೆಯಲ್ಲೇ ಇದ್ದ ಎಫ್-117ರ ಬಗ್ಗೆ 1986ರಲ್ಲಿ ಯಾರು ಮಾದರಿ ಮಾಡಿದ್ದರೂ ಅದೂ ಅಷ್ಟೇ ಊಹೆಯಾಗಿರುತ್ತಿತ್ತು. ಸೇವೆಗೆ ಸೇರಿದ ವಿಮಾನದ ಮಾದರಿ ಕಲ್ಪನೆಯಾಗಬಹುದು, ಸೇರದ ವಿಮಾನದ ಮಾದರಿ ಕಟ್ಟುನಿಟ್ಟಾದ ದಾಖಲೆಯಾಗಬಹುದು.

ಎರಡನೇ ವಾದಕ್ಕೆ ಬಂದರೆ, ಅದರ ಗಟ್ಟಿ ರೂಪ ಹೀಗಿದೆ: ವಿಮಾನಗಳು ಸೋಲುವುದು ಹೆಚ್ಚಾಗಿ ತೂಕದಿಂದ, ಎಂಜಿನ್ನಿನಿಂದ, ದುಡ್ಡಿನಿಂದ. ಇವು ಯಾವುವೂ ಹೊರಮೈಯಲ್ಲಿ ಕಾಣುವುದಿಲ್ಲ. ಮಾದರಿ ತೋರಿಸುವುದು ಹೊರಮೈಯನ್ನು. ಹಾಗಾಗಿ ಸೋಲಿನ ಕಾರಣ ಮಾದರಿಯ ಕೈಗೆ ಸಿಗದು. ಈ ಆಕ್ಷೇಪ ಚುರುಕಾದದ್ದು, ಒಂದಿಷ್ಟು ನಿಜವೂ ಹೌದು. ಆದರೆ ಸರಸ್‌ನ ಕಥೆ ನೋಡಿದರೆ ಪೂರ್ತಿ ನಿಜವಲ್ಲ ಎಂದು ತಿಳಿಯುತ್ತದೆ. ಪಿಟಿ-1ರ ಖಾಲಿ ತೂಕ 4,125 ಕಿಲೋ ಇರಬೇಕೆಂಬುದು ವಿನ್ಯಾಸದ ಲೆಕ್ಕ. ಕಟ್ಟಿ ಮುಗಿಸಿದಾಗ ಅದು ಐದು ಸಾವಿರ ಕಿಲೋ ದಾಟಿತ್ತು. ಹೆಚ್ಚಾದ ತೂಕವನ್ನು ಎತ್ತಲು ಹೆಚ್ಚು ಬಲ ಬೇಕು. 850 ಅಶ್ವಶಕ್ತಿಯ ಎಂಜಿನ್‌ಗಳ ಜಾಗಕ್ಕೆ 1,200 ಅಶ್ವಶಕ್ತಿಯವು ಬಂದವು. ಹೆಚ್ಚಿದ ಬಲವನ್ನು ಗಾಳಿಗೆ ದಾಟಿಸಲು ದೊಡ್ಡ ಪ್ರೊಪೆಲ್ಲರ್ ಬೇಕು. ಪಿಟಿ-1 ಅನ್ನೇ ಮಾರ್ಪಡಿಸಿ 2018ರ ಜನವರಿ 24ರಂದು ಪಿಟಿ-1ಎನ್ ಎಂಬ ಹೆಸರಿನಲ್ಲಿ ಹಾರಿಸಿದಾಗ ಅದರ ಪ್ರೊಪೆಲ್ಲರಿನ ವ್ಯಾಸ 104 ಇಂಚು. ಎಪ್ಪತ್ತೆರಡನೇ ಒಂದು ಅಳತೆಯ ಮಾದರಿಯಲ್ಲಿ ಅದು ಮೂವತ್ತಾರು ಮಿಲಿಮೀಟರಿಗೆ ಸ್ವಲ್ಪ ಮೇಲೆ, ಕಣ್ಣಿಗೆ ಚೆನ್ನಾಗಿ ಕಾಣುವ ಗಾತ್ರ. ಒಂದೇ ಒಡಲನ್ನು 2004ರ ಸ್ಥಿತಿಯಲ್ಲೊಂದು, 2018ರ ಸ್ಥಿತಿಯಲ್ಲೊಂದು ಮಾಡಿ ಪಕ್ಕಪಕ್ಕದಲ್ಲಿಟ್ಟರೆ, ತಕ್ಕಡಿಯಲ್ಲಿ ಹುಟ್ಟಿದ ತೊಂದರೆ ಬಾಲದ ಬಳಿಯ ಪ್ರೊಪೆಲ್ಲರ್‌ಗಳಲ್ಲಿ ಹೇಗೆ ಕಾಣಿಸಿಕೊಂಡಿತು ಎಂಬುದನ್ನು ಹೈಸ್ಕೂಲ್ ವಿದ್ಯಾರ್ಥಿಗೂ ವಿವರಿಸಬಹುದು. ಸೇವೆಗೆ ಸೇರಿದ ವಿಮಾನಗಳಲ್ಲಿ ಇಂಥ ತಿದ್ದುಪಡಿಗಳು ಮುಗಿದು, ಗೆದ್ದ ಉತ್ತರವೊಂದೇ ಕಣ್ಣಿಗೆ ಬೀಳುತ್ತದೆ. ಪ್ರಶ್ನೆ ಇನ್ನೂ ಹಸಿಯಾಗಿರುವುದು ಮೂಲಮಾದರಿಗಳಲ್ಲಿ.

ಮರುತ್ ಮಾರ್ಕ್ 1ಆರ್‌ನದೂ ಇದೇ ಬಗೆ. ಜರ್ಮನಿಯ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ ಈ ವಿಮಾನಕ್ಕೆ ಮೊದಲಿನಿಂದಲೂ ಕಾಡಿದ್ದು ಎಂಜಿನ್ನಿನ ಬಲ ಸಾಲದೆಂಬ ತೊಂದರೆ. ಇದ್ದ ಆರ್ಫಿಯಸ್ ಎಂಜಿನ್ನಿಗೇ ಬಾಲದಲ್ಲಿ ಮತ್ತೊಮ್ಮೆ ಇಂಧನ ಉರಿಸುವ ರೀಹೀಟ್ ವ್ಯವಸ್ಥೆ ಸೇರಿಸಿ ನೋಡಿದರು. ಅದಕ್ಕಾಗಿ ವಿಮಾನದ ಹಿಂಭಾಗವನ್ನು ಬದಲಿಸಬೇಕಾಯಿತು. ಬದಲಾದ ಹಿಂಭಾಗ ಗಾಳಿಯ ಎಳೆತವನ್ನು ಹೆಚ್ಚಿಸಿ, ಸಿಕ್ಕ ಬಲದ ಪಾಲನ್ನು ತಾನೇ ತಿಂದಿತು. ಮಾಮೂಲಿ ಮರುತ್ ಮತ್ತು ಮಾರ್ಕ್ 1ಆರ್ ಮಾದರಿಗಳ ಬಾಲವನ್ನು ಜೋಡಿಸಿ ನೋಡಿದರೆ ವಾದ ಬರಿಗಣ್ಣಿಗೆ ಕಾಣುತ್ತದೆ.

ಪಾಠದ ಮಾತು ಬಂದಾಗ ಇನ್ನೊಂದು ತಪ್ಪನ್ನೂ ಬಿಡಿಸಿ ಹೇಳಬೇಕು: ಸೇವೆಗೆ ಸೇರಿದ್ದೆಲ್ಲ ಗೆದ್ದದ್ದು, ಸೇರದ್ದೆಲ್ಲ ಸೋತದ್ದು ಎಂಬ ಲೆಕ್ಕ. ಎಚ್‌ಪಿಟಿ-32 ‘ದೀಪಕ್’ ವಾಯುಪಡೆಗೆ ಸೇರಿ, ಪೈಲಟ್‌ಗಳ ಪೀಳಿಗೆಗಳಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಿತು. ಎಂಜಿನ್ ಕೈಕೊಟ್ಟು ಜೀವಗಳು ಹೋದ ಮೇಲೆ 2009ರಲ್ಲಿ ಅದನ್ನು ಹಾರಾಟದಿಂದ ನಿಲ್ಲಿಸಲಾಯಿತು. ಅದೇ ಒಡಲಿಗೆ ಪಿಸ್ಟನ್ ಬದಲು ಟರ್ಬೊಪ್ರಾಪ್ ಎಂಜಿನ್ ಇಟ್ಟ ಎಚ್‌ಟಿಟಿ-34 ಕಾಲು ಶತಮಾನ ಮೊದಲೇ ಹಾರಿತ್ತು, ಕೊಳ್ಳುವವರು ಇರಲಿಲ್ಲ. ಎಚ್‌ಟಿಟಿ-34 ಬಂದಿದ್ದರೆ ಎಲ್ಲ ಸರಿಯಾಗುತ್ತಿತ್ತು ಎಂದು ಇದರಿಂದ ಸಾಧಿಸಲಾಗದು, ಅದಕ್ಕೂ ತನ್ನದೇ ರೋಗಗಳು ಇದ್ದಿರಬಹುದು. ಆದರೆ ದೀಪಕ್‌ನ ಮಾದರಿ ಪಾಠ, ಎಚ್‌ಟಿಟಿ-34ರ ಮಾದರಿ ವ್ಯರ್ಥ ಎನ್ನುವವರು ಯಾವ ತಕ್ಕಡಿ ಬಳಸುತ್ತಿದ್ದಾರೆ ಎಂಬುದು ತಿಳಿಯದಾಗುತ್ತದೆ.

ಹವ್ಯಾಸದ ಪರ ವಾದಿಸುವವರೂ ಇಲ್ಲೊಂದು ಉತ್ಪ್ರೇಕ್ಷೆಗೆ ಬೀಳುವುದುಂಟು. ಯಾವ ವಿಮಾನವೂ ಮೊದಲು ಹುಟ್ಟುವುದು ಮಾದರಿಯಾಗಿಯೇ, ಆದ್ದರಿಂದ ಹವ್ಯಾಸಿಯೂ ಎಂಜಿನಿಯರನಂತೆಯೇ ಎಂದು ಅವರು ಹೇಳುತ್ತಾರೆ. ಮೊದಲರ್ಧ ನಿಜ. ಎನ್‌ಎಎಲ್‌ನಲ್ಲಿ 1967ರಿಂದ ನಡೆಯುತ್ತಿರುವ 1.2 ಮೀಟರ್ ಗಾಳಿ ಸುರಂಗದಲ್ಲಿ ಪರೀಕ್ಷೆಯಾಗುವುದು ಸಣ್ಣ ಅಳತೆಯ ಲೋಹದ ಮಾದರಿಗಳೇ. ಮರುತ್‌ಗಾಗಿ ಎಚ್‌ಎಎಲ್ 1959ರಲ್ಲಿ ಪೂರ್ಣ ಗಾತ್ರದ ಮರದ ಗ್ಲೈಡರನ್ನೇ ಕಟ್ಟಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿತ್ತು. ಕೆನಡಾದ ಆವ್ರೋ ಆರೋ ಯುದ್ಧವಿಮಾನದ ಯೋಜನೆಯನ್ನು 1959ರ ಫೆಬ್ರವರಿ 20ರಂದು ರದ್ದು ಮಾಡಿ, ಹಾರಿದ ಐದೂ ವಿಮಾನಗಳನ್ನು ಕತ್ತರಿಸಿ ಹಾಕಿದರು. ವಿನ್ಯಾಸ ಪರೀಕ್ಷೆಗೆಂದು ರಾಕೆಟ್ ಕಟ್ಟಿ ಒಂಟಾರಿಯೊ ಸರೋವರದ ಮೇಲೆ ಹಾರಿಸಿದ್ದ ಮಾದರಿಗಳ ಸಾಲಿನದೊಂದನ್ನು 2018ರಲ್ಲಿ ನೀರಿನ ತಳದಿಂದ ಎತ್ತಿ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ವಿಮಾನ ಉಳಿಯಲಿಲ್ಲ, ಮಾದರಿ ಉಳಿಯಿತು. ಆದರೂ ಗಾಳಿ ಸುರಂಗದ ಮಾದರಿ ಪ್ರಕೃತಿಗೆ ಕೇಳುವ ಪ್ರಶ್ನೆ. ಅದರ ಮೇಲೆ ಬೀಳುವ ಒತ್ತಡವನ್ನು ಅಳೆಯುತ್ತಾರೆ. ಕಪಾಟಿನ ಮಾದರಿಯ ಮೇಲೆ ಫ್ಯಾನ್ ಬೀಸಿದರೆ ಏನೂ ತಿಳಿಯದು. ಅದು ಕೊಡುವುದು ಹಾರಾಟದ ಜ್ಞಾನವಲ್ಲ, ವಿನ್ಯಾಸದ ಚರಿತ್ರೆ. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟಬಾರದು.

ಉಳಿದದ್ದು ಮೂರನೇ ವಾದ, ಹಳಹಳಿಕೆಯದು. ಇಲ್ಲಿ ಎದುರಾಳಿಗಳ ಪಕ್ಷ ನಿಜಕ್ಕೂ ಬಲವಾಗಿದೆ. 1965ರ ಏಪ್ರಿಲಿನಲ್ಲಿ ರದ್ದಾದ ಬ್ರಿಟನ್ನಿನ ಟಿಎಸ್ಆರ್-2ರ ಸುತ್ತ ಅಲ್ಲಿನವರು ಆರು ದಶಕದಿಂದ ಕಣ್ಣೀರಿನ ಕಥೆಗಳನ್ನು ಕಟ್ಟಿದ್ದಾರೆ. ಎಂದೂ ಸೇರದ ಪಡೆಗಳ ಬಣ್ಣ ಬಳಿದ ಟಿಎಸ್ಆರ್-2 ಮಾದರಿಗಳು ಆ ಕಥೆಗಳ ಸಂತಾನ. ನಮ್ಮಲ್ಲೂ ‘ಮರುತ್‌ಗೆ ವಿದೇಶಿಯರು ಎಂಜಿನ್ ಕೊಡಲಿಲ್ಲ, ಕೊಂದರು’ ಎಂಬ ಮಾತು ಧಾರಾಳವಾಗಿ ಓಡಾಡುತ್ತದೆ. ಎಂಜಿನ್ ಸಿಗಲಿಲ್ಲ ಎಂಬುದು ನಿಜ, ಕೊಂದರು ಎಂಬುದು ಅರ್ಧ ಸತ್ಯ. ಬ್ರಿಸ್ಟಲ್ ಕಂಪನಿ ಹೆಚ್ಚು ಬಲದ ಆರ್ಫಿಯಸ್ 12 ಎಂಜಿನ್ನಿನ ಅಭಿವೃದ್ಧಿಗೆ ಹಣ ಕೇಳಿತ್ತು, ಕೊಡಲು ಭಾರತ ಸರ್ಕಾರ ಮುಂದೆ ಬರಲಿಲ್ಲ. ಅಂದರೆ ತೀರ್ಮಾನದ ಒಂದು ತುದಿ ದೆಹಲಿಯಲ್ಲೇ ಇತ್ತು. ಆರ್ಫಿಯಸ್ 12 ಇಟ್ಟುಕೊಂಡು, ಸ್ಕ್ವಾಡ್ರನ್ ಸಂಖ್ಯೆ ಬರೆದುಕೊಂಡು ನಿಂತ ಮರುತ್‌ನ ಮಾದರಿ ಈ ಇರುಸುಮುರುಸಿನ ಭಾಗವನ್ನು ಮುಚ್ಚಿಬಿಡುತ್ತದೆ. ಹಾಗೆ ಮಾಡುವುದು ಅಪರಾಧವಲ್ಲ. ಕಾದಂಬರಿ ಬರೆಯುವುದು ಅಪರಾಧವಲ್ಲವಷ್ಟೆ. ಕಾದಂಬರಿಯನ್ನು ಇತಿಹಾಸದ ಕಪಾಟಿನಲ್ಲಿ ಇಡುವುದು ಮಾತ್ರ ತಪ್ಪು.

ಆದರೆ ಹಳಹಳಿಕೆಗೆ ಮದ್ದು ಮಾದರಿಯನ್ನೇ ಮಾಡದಿರುವುದಲ್ಲ. ಕಣ್ಣಿಗೆ ಬೀಳದ ವಿಮಾನದ ಸುತ್ತಲೇ ದಂತಕಥೆ ಹೆಚ್ಚು ಬೆಳೆಯುತ್ತದೆ. ವೆಚ್ಚದ ಮಾತನ್ನೇ ತೆಗೆದುಕೊಂಡರೂ, ತೆರಿಗೆ ಕಟ್ಟಿದವನಿಗೆ ತನ್ನ ಹಣ ಯಾವ ಆಕಾರ ತಾಳಿ ಎಲ್ಲಿ ನಿಂತಿತು ಎಂದು ನೋಡುವ ಹಕ್ಕು ಯಶಸ್ವಿ ಯೋಜನೆಗಳಷ್ಟೇ ನಿಂತುಹೋದವುಗಳ ಮೇಲೂ ಇದೆ. ಜೀವಗಳ ಲೆಕ್ಕವೂ ಇದೆ, ಅದನ್ನು ವೆಚ್ಚದ ಪಟ್ಟಿಯಲ್ಲಿ ಸೇರಿಸುವುದು ಒರಟುತನ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1970ರ ಜನವರಿ 10ರಂದು ಸತ್ತದ್ದು ಪಡೆಗೆ ಸೇರದ ಮರುತ್ ಮಾರ್ಕ್ 1ಆರ್ ಹಾರಿಸುವಾಗ. ಕೋಲಾರದಿಂದ ಹಳೇ ಮದ್ರಾಸ್ ರಸ್ತೆ ಹಿಡಿದು ಎಚ್‌ಎಎಲ್ ಕಡೆಗೆ ಹೋಗುವವರು ದಿನವೂ ಹಾಯುವ ರಸ್ತೆಗೆ ಅವರದೇ ಹೆಸರಿದೆ. ಸರಸ್ ಪಿಟಿ-2 ಬಿಡದಿಯ ಬಳಿ 2009ರ ಮಾರ್ಚ್ 6ರಂದು ಬಿದ್ದಾಗ ಇಬ್ಬರು ಪರೀಕ್ಷಾ ಪೈಲಟ್‌ಗಳೂ ಒಬ್ಬ ಹಾರಾಟ ಪರೀಕ್ಷಾ ಎಂಜಿನಿಯರ್ ಅವರೂ ತೀರಿಹೋದರು. ಆ ವಿಮಾನಗಳು ಕನಸಾಗಿದ್ದರೆ ಈ ಸಾವುಗಳು ಎಲ್ಲಿ ನಡೆದವು?

ಇನ್ನೊಂದು ಆಕ್ಷೇಪ ತೀರಾ ವ್ಯಾವಹಾರಿಕ. ಹುಡುಗರ ಬಳಿ ಇರುವ ಸಮಯ, ಥರ್ಮಾಕೋಲು ಎರಡೂ ಕಡಿಮೆ. ಇರುವುದನ್ನು ಎಲ್ಲರಿಗೂ ಗೊತ್ತಿರುವ ತೇಜಸ್‌ಗೆ ಖರ್ಚು ಮಾಡಬಾರದೇಕೆ? ಮಾಡಲಿ. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಮತ್ತೊಮ್ಮೆ ಮಾಡುವಾಗ ಹುಡುಕಾಟ ಕಡಿಮೆ. ಪಂಛಿ ಮಾಡಬೇಕಾದರೆ ನಿಶಾಂತ್‌ನ ಅಳತೆ ಹುಡುಕಬೇಕು, ಚಕ್ರ ಸೇರಿದಾಗ ಏನೇನು ಬದಲಾಗಿರಬಹುದೆಂದು ಚಿತ್ರ ನೋಡಿ ತರ್ಕಿಸಬೇಕು, ಗೊತ್ತಾಗದ ಜಾಗಕ್ಕೆ ಗೊತ್ತಿಲ್ಲ ಎಂದೇ ಬರೆಯಬೇಕು. ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಘಟಕವನ್ನು ಘೋಷಿಸಿವೆ. ಈ ಕಸುಬಿಗೆ ಇಳಿಯುವವರಿಗೆ ಜೋಡಣೆಯ ಕೈಚಳಕದಷ್ಟೇ, ಯಾವುದು ಯಾಕೆ ತಿದ್ದುಪಡಿಯಾಯಿತು ಎಂದು ಓದುವ ಕಣ್ಣೂ ಬೇಕಾಗುತ್ತದೆ.

ಹಾಗಾಗಿ ನಿಯಮ ಮಾಡುವುದಾದರೆ ಸೇವೆಯ ಗೆರೆಯನ್ನು ಬಿಟ್ಟು ಸಾಕ್ಷ್ಯದ ಗೆರೆಯನ್ನು ಹಿಡಿಯಬೇಕು. ಮಾದರಿಯ ಕೆಳಗೊಂದು ಚೀಟಿ ಸಾಕು: ಯಾವ ವಿಮಾನ, ಯಾವ ದಿನದ ಸ್ಥಿತಿ, ಅಳತೆ ಎಲ್ಲಿಂದ ಸಿಕ್ಕಿತು, ಯಾವ ಭಾಗ ಊಹೆ, ಯೋಜನೆ ಎಲ್ಲಿಗೆ ಬಂದು ನಿಂತಿತು. ಈ ಚೀಟಿ ಬರೆಯಲಾಗದವರು ರಫೇಲ್ ಮಾಡಿದರೂ ಅದು ಆಟಿಕೆಯೇ. ಬರೆದವರು ಎಚ್‌ಎಫ್-73 ಮಾಡಿದರೂ ಅದು ಪ್ರಾಮಾಣಿಕ ಕೆಲಸ. ಕೋಲಾರ ಸೀಮೆಯ ವಿಜ್ಞಾನ ಶಿಕ್ಷಕರು ಮುಂದಿನ ವಸ್ತುಪ್ರದರ್ಶನಕ್ಕೆ ಯಾವ ವಿಮಾನ ಎಂದು ಕೇಳುವ ಮೊದಲು ಚೀಟಿಯಲ್ಲಿ ಏನು ಬರೆಯುತ್ತೀಯ ಎಂದು ಕೇಳಲಿ. ತಮ್ಮದೇ ಜಿಲ್ಲೆಯ ರನ್‌ವೇಯಿಂದ ಎದ್ದ ನಿಶಾಂತ್ ಮತ್ತು ಅದರ ಚಕ್ರದ ತಮ್ಮ ಪಂಛಿಗೆ ಒಂದೇ ಮೇಜಿನ ಮೇಲೆ ಜಾಗ ಮಾಡಿಕೊಡಲಿ.